ಬಾಯಲ್ಲೇ ಇದ್ದ ಪದ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಅವರ ಬಾಯಿಂದ ಅತಿ ಹೆಚ್ಚು ಮಾತು ಕಿತ್ತುಕೊಂಡವನು ನಾನೇ. ಅವರು ಒಂದು ಪದದ ಮೊದಲ ಅಕ್ಷರದಲ್ಲಿ ಸಿಕ್ಕಿಕೊಂಡು ನಿಂತರೆ ಸಾಕು, ಉಳಿದದ್ದನ್ನು ನಾನು ಹೇಳಿಬಿಡುತ್ತಿದ್ದೆ. ಹೇಳಿ, ಕ್ವಿಜ್‌ನಲ್ಲಿ ಎಲ್ಲರಿಗಿಂತ ಮೊದಲು ಗಂಟೆ ಒತ್ತಿದವನ ಹಾಗೆ ಸುತ್ತ ನೋಡುತ್ತಿದ್ದೆ. ಅದನ್ನು ಉಪಕಾರ ಎಂದೂ ತಿಳಿದಿದ್ದೆ. ಅಷ್ಟೇ ಆಗಿದ್ದರೆ ನನ್ನನ್ನು ನಾನೇ ಕತ್ತೆ ಎಂದು ಬೈದುಕೊಂಡು ಸುಮ್ಮನಾಗಬಹುದಿತ್ತು. ಅವರ ಬೆನ್ನ ಹಿಂದೆ ಅವರ ತೊದಲನ್ನು ಅಭಿನಯಿಸಿ, ಸ್ಟಾಫ್ ರೂಮಿನಲ್ಲಿ ಚಪ್ಪಾಳೆ ಗಿಟ್ಟಿಸಿಕೊಂಡವನೂ ನಾನೇ.

ನಾನು ಮಡಿಕೇರಿಯ ಒಂದು ಕಾಲೇಜಿನಲ್ಲಿ ಕನ್ನಡದ ಅತಿಥಿ ಉಪನ್ಯಾಸಕ. ಅತಿಥಿ ಎಂದರೆ ಯಾವಾಗ ಬೇಕಾದರೂ ಎದ್ದು ಹೋಗಿ ಎನ್ನಬಹುದಾದವನು. ಊರು ಸೋಮವಾರಪೇಟೆ ಕಡೆ. ಹೊಟ್ಟೆಗೆ ಪಾಠ, ಚಟಕ್ಕೆ ಮಿಮಿಕ್ರಿ. ಪ್ರಿನ್ಸಿಪಾಲರ ಭಾಷಣ, ಟಿವಿಯವರ ಅರಚಾಟ, ಫೋನಿನಲ್ಲಿ ನಮ್ಮಪ್ಪ ಬೈಯುವಾಗ ನಡುವೆ ಬರುವ ಕೆಮ್ಮು, ಎಲ್ಲ ಬರುತ್ತದೆ. ನಿನ್ನದೇ ದನಿ ಯಾವುದಯ್ಯ ಎಂದು ಕೇಳಿದರೆ ಮಾತ್ರ ಸ್ವಲ್ಪ ಯೋಚಿಸಬೇಕಾಗುತ್ತದೆ.

ಅವರು ಅದೇ ಕಾಲೇಜಿನಲ್ಲಿ ಮನಃಶಾಸ್ತ್ರದ ಮೇಷ್ಟ್ರು. ಹುಟ್ಟಿದ್ದು ಭಾಗಮಂಡಲ ಕಡೆ, ಮನೆಮಾತು ಅಲ್ಲಿಯ ಗೌಡರ ಅರೆಭಾಷೆ, ಸಂಸಾರ ಮೂರ್ನಾಡಿನಲ್ಲಿ. ಜೊತೆಯವರೆಲ್ಲ ನಿವೃತ್ತಿಯ ಲೆಕ್ಕ ಹಾಕುವ ವಯಸ್ಸಿನಲ್ಲಿ ಅವರು ಮೈಸೂರಿನಲ್ಲಿ ಪಿಎಚ್‌ಡಿಗೆ ಸೇರಿದ್ದರು. ವಿಷಯ, ಕೇಳುವಾಗ ಮಿದುಳು ಮುಂದಿನ ಮಾತನ್ನು ಊಹಿಸುವ ಬಗೆ. ಅವರ ಹೆಸರು ಬರೆಯುವುದಿಲ್ಲ. ಅವರಿಗೆ ಎಲ್ಲಕ್ಕಿಂತ ಕಷ್ಟದ ಪದ ಅವರ ಹೆಸರೇ ಆಗಿತ್ತು. ಬೇರೆ ಪದ ಸಿಕ್ಕಿಕೊಂಡರೆ ಇನ್ನೊಂದನ್ನು ಹಾಕಿಕೊಳ್ಳಬಹುದು, ಹೆಸರಿಗೆ ಬದಲಿ ಇಲ್ಲವಲ್ಲ. ಅವರು ಅಷ್ಟು ಒದ್ದಾಡಿ ಹೇಳುತ್ತಿದ್ದದ್ದನ್ನು ನಾನಿಲ್ಲಿ ಸಲೀಸಾಗಿ ಬರೆದು ಮುಂದೆ ಹೋದರೆ ನನಗೇ ನಾಚಿಕೆಯಾಗುತ್ತದೆ.

ಬದಲಿ ಪದ ಹಾಕುವುದರಲ್ಲಿ ಅವರಷ್ಟು ನುರಿತವರನ್ನು ನಾನು ನೋಡಿಲ್ಲ. ಪಾಠದ ನಡುವೆ ‘ಮಿದುಳು’ ತಡೆದರೆ ‘ತಲೆಯೊಳಗಿನ ಯಜಮಾನ’ ಎನ್ನುತ್ತಿದ್ದರು. ‘ಕನಸು’ ಕೈಕೊಟ್ಟರೆ ‘ನಿದ್ದೆಯ ಸಿನಿಮಾ’. ಹುಡುಗರು ಅದನ್ನೇ ಪರೀಕ್ಷೆಯಲ್ಲಿ ಬರೆದು, ಮೌಲ್ಯಮಾಪನಕ್ಕೆ ಕೂತವರನ್ನು ಕಂಗಾಲು ಮಾಡುತ್ತಿದ್ದರು. ಕನ್ನಡದ ಮೇಷ್ಟ್ರು ನಾನೋ ಅವರೋ ಎಂಬ ಅನುಮಾನ ನನಗೆ ಆಗಾಗ ಬರುತ್ತಿತ್ತು.

ಒಂದು ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ಅವರು ಅಟೆಂಡರ್ ಹತ್ತಿರ ಸೀಮೆಸುಣ್ಣ ಕೇಳುವ ಪ್ರಸಂಗವನ್ನು ಅಭಿನಯಿಸುತ್ತಿದ್ದೆ. ಜನ ನಗುವುದನ್ನು ನಿಲ್ಲಿಸಿದರು. ಕಲೆಗೆ ಉಪ್ಪು ಕಡಿಮೆಯಾಯಿತು ಎಂದುಕೊಂಡು ಇನ್ನಷ್ಟು ತೊದಲಿದೆ. ತಿರುಗಿ ನೋಡಿದರೆ ಬಾಗಿಲಲ್ಲಿ ಅವರೇ. ನಿಧಾನಕ್ಕೆ ಬಂದು ನನ್ನ ಎದುರಿನ ಕುರ್ಚಿಯಲ್ಲಿ ಕೂತರು. ಬೈಗುಳಕ್ಕೆ ಮುಖ ಸಿದ್ಧಮಾಡಿಕೊಂಡೆ.

“ನೀನು ತ... ತಪ್ಪು ಜಾಗದಲ್ಲಿ ನಿಲ್ಲಿಸ್ತೀಯ,” ಎಂದರು.

ನನಗೆ ಅರ್ಥವಾಗಲಿಲ್ಲ.

“ನೀನು ನಿಲ್ಲಿಸೋದು ಮರೆತವನ ಹಾಗೆ. ಪದ ಹುಡುಕ್ತೀಯ, ಕಣ್ಣು ಮೇಲೆ ಹೋಗ್ತದೆ. ನಾನು ಮರೆತವನಲ್ಲ ಮಾರಾಯ. ಪದ ನ... ನನ್ನ ಬಾಯಲ್ಲೇ ಇರ್ತದೆ.”

ಆಮೇಲೆ ಸಂಗೀತದ ಮೇಷ್ಟ್ರು ಶ್ರುತಿ ತಿದ್ದುವ ಹಾಗೆ ನನ್ನ ತೊದಲನ್ನು ತಿದ್ದಿದರು. ಉಸಿರು ಎಲ್ಲಿ ಕಟ್ಟುತ್ತದೆ, ದವಡೆ ಯಾವಾಗ ಬಿಗಿಯುತ್ತದೆ, ಎದುರಿನವನು ಬಾಯಿ ಹಾಕಿದ ಕೂಡಲೇ ಹೇಗೆ ತಲೆಯಾಡಿಸಿ ಒಪ್ಪಿಕೊಂಡುಬಿಡಬೇಕು. ಈ ಕೊನೆಯದು ಮುಖ್ಯ ಎಂದರು. ತಲೆಯಾಡಿಸದೆ ಇದ್ದರೆ ಪಾತ್ರ ಪೂರ್ತಿ ಆಗುವುದಿಲ್ಲವಂತೆ. ನಾನು ಸರಿಯಾಗಿ ಮಾಡಿದಾಗ ಮೆಚ್ಚಿ, ಅವರ ಸಂಶೋಧನೆಗೆ ಒಂದಷ್ಟು ವಾಕ್ಯಗಳನ್ನು ಓದಿ ರೆಕಾರ್ಡ್ ಮಾಡಿಕೊಡುತ್ತೀಯಾ ಎಂದು ಕೇಳಿದರು. ಅದು ಶಿಕ್ಷೆಯೋ ಬಹುಮಾನವೋ ಎಂದು ತಿಳಿಯದೆ ಒಪ್ಪಿದೆ.

ಆ ತಲೆಯಾಡಿಸುವುದರಲ್ಲಿ ಅವರ ಅರ್ಧ ಜೀವನ ಕಳೆದಿತ್ತು. ಬಸ್ ಸ್ಟ್ಯಾಂಡಿನ ಹತ್ತಿರದ ಹೋಟೆಲಿನಲ್ಲಿ ಅವರು ‘ಕ’ ಎನ್ನುತ್ತಿದ್ದ ಹಾಗೇ ಮಾಲೀಕರು ಒಳಗೆ ಕೂಗಿ ಹೇಳಿ ಕಾಫಿ ತರಿಸುತ್ತಿದ್ದರು. ಅವರು ಕುಡಿಯುತ್ತಿದ್ದರು. ಅವರಿಗೆ ಬೇಕಾಗಿದ್ದದ್ದು ಕಷಾಯ ಎಂದು ನನಗೆ ತಿಳಿದದ್ದು ಅವರ ಮನೆಗೆ ಹೋದ ಮೇಲೆ. ಕಾಫಿ ಬೆಳೆಯುವ ಊರಿನಲ್ಲಿ ಕಾಫಿ ಸೇರದ ಮನುಷ್ಯ, ಬೇಡ ಎನ್ನಲಾಗದೆ ವರ್ಷಗಟ್ಟಲೆ ಕಾಫಿ ಕುಡಿದಿದ್ದರು.

ಇನ್ನೊಂದು ಕತೆ ಅವರೇ ಹೇಳುತ್ತಿದ್ದದ್ದು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಮೇಕೇರಿಯಲ್ಲಿ ಬಾಡಿಗೆ ಮನೆ ನೋಡಲು ಹೊರಟರಂತೆ. ಬಸ್ಸಿನಲ್ಲಿ ‘ಮ’ ಎಂದು ನಿಂತದ್ದೇ ಕಂಡಕ್ಟರ್ ಮೂರ್ನಾಡಿಗೆ ಟಿಕೆಟ್ ಹರಿದು ಕೊಟ್ಟ. ತಲೆಯಾಡಿಸಿ ಮೂರ್ನಾಡಿಗೇ ಹೋದರು. ಅಲ್ಲೇ ಮನೆ ಸಿಕ್ಕಿತು, ಆ ಮನೆಯ ಮಾಲೀಕರ ಮಗಳನ್ನೇ ಮದುವೆಯೂ ಆದರು. ನಮ್ಮ ಮದುವೆಗೆ ಕಂಡಕ್ಟರೇ ದಲ್ಲಾಳಿ ಎಂದು ಅವರು ನಗುತ್ತಿದ್ದರು. ಅವರ ಹೆಂಡತಿ, ಪ್ರೈಮರಿ ಶಾಲೆಯ ಟೀಚರ್, ಅದೆಲ್ಲ ಸುಳ್ಳು ಎಂದು ಗದರುತ್ತಿದ್ದರು. ನನಗೆ ಮೇಡಂ ಎನ್ನಬೇಡ ಎಂದು ಅವರೇ ಹೇಳಿದ್ದರಿಂದ ನಾನು ಅವರನ್ನು ಅಕ್ಕ ಎನ್ನುತ್ತಿದ್ದೆ. ಸರ್ ಮಾತಿನ ನಡುವೆ ಸಿಕ್ಕಿಕೊಂಡರೆ ಅಕ್ಕ ಮುಖ ನೋಡುತ್ತ ಕೂರುತ್ತಿರಲಿಲ್ಲ. ಬೀನ್ಸು ಹೆಚ್ಚುತ್ತಿದ್ದರೆ ಹೆಚ್ಚುತ್ತಲೇ ಇರುತ್ತಿದ್ದರು. ಮೊದಲು ಅದನ್ನು ಅಸಡ್ಡೆ ಎಂದುಕೊಂಡಿದ್ದೆ.

ರೆಕಾರ್ಡಿಂಗ್ ನಡೆದದ್ದು ಕಾಲೇಜಿನ ಸ್ಟೋರ್ ರೂಮಿನಲ್ಲಿ. ಗೋಡೆಗೆಲ್ಲ ಕಂಬಳಿ ಕಟ್ಟಿ, ಹೊರಗೆ ಪ್ರವಾಸಿಗರ ಜೀಪುಗಳ ಹಾರ್ನ್ ನಿಂತಾಗ ನಾನು ಓದಬೇಕು. ಕನ್ನಡದಲ್ಲಿ ಕ್ರಿಯಾಪದ ಬರುವುದು ಕೊನೆಗೆ. ಅಲ್ಲಿಯವರೆಗೆ ಕೇಳುವವನು ಪಾಪ ಸುಮ್ಮನೆ ಕಾದಿರುತ್ತಾನೆ ಎಂದು ನಾನು ತಿಳಿದಿದ್ದೆ. ಹಾಗಲ್ಲ ಎಂದರು ಸರ್. ಬಸ್ಸು ನಿಲ್ದಾಣಕ್ಕೆ ತಿರುಗುತ್ತಿದ್ದ ಹಾಗೇ ಕಿಟಕಿಯೊಳಗೆ ಕರ್ಚೀಫು ಎಸೆದು ಸೀಟು ಹಿಡಿಯುತ್ತೇವಲ್ಲ, ಮಿದುಳು ಮಾಡುವುದೂ ಅದನ್ನೇ. ಪದ ಬರುವ ಮೊದಲೇ ಅದರ ಜಾಗದಲ್ಲಿ ಒಂದು ಕರ್ಚೀಫು ಬಿದ್ದಿರುತ್ತದೆ. ಬಂದ ಪದ ಬೇರೆಯದಾದರೆ ಅಲ್ಲೊಂದು ಸಣ್ಣ ಜಗಳ. ಮೈಸೂರಿನ ಲ್ಯಾಬಿನಲ್ಲಿ ತಲೆಗೆ ವೈರುಗಳ ಟೋಪಿ ಹಾಕಿ ಕೂರಿಸಿದರೆ ಆ ಜಗಳ ಪರದೆಯ ಮೇಲೆ ಗೆರೆಯ ಏರಿಳಿತವಾಗಿ ಕಾಣುತ್ತದೆ. ಇಷ್ಟು ಬೇರೆಯವರೂ ಕಂಡುಕೊಂಡದ್ದೇ. ಅವರಿಗೆ ಬೇಕಾಗಿದ್ದ ಪ್ರಶ್ನೆ ಇನ್ನೊಂದು. ಹೇಳುವವನು ಆ ಪದದ ಮುಂದೆ ತಡೆದು ನಿಂತರೆ, ಕೇಳುವವನ ಮಿದುಳು ಕಾಯುತ್ತದೆಯೋ, ಇಲ್ಲ ಕರ್ಚೀಫಿನ ಮೇಲೆ ತಾನೇ ಹೋಗಿ ಕೂತುಬಿಡುತ್ತದೆಯೋ?

ಅದಕ್ಕೆ ನಾನು ವಾಕ್ಯವನ್ನು ಕೊನೆಯ ಪದದ ಮುಂದೆ ನಿಲ್ಲಿಸಬೇಕಿತ್ತು. ‘ಅವರು ಕಾಫಿಯನ್ನು ಕಣದಲ್ಲಿ’ ಎಂದು ನಿಂತರೆ, ಕಾಫಿ ಒಣಗಿಸುವುದನ್ನು ದಿನಾ ನೋಡುವ ನಮ್ಮ ಕಡೆಯವರು ‘ಹರಡಿದರು’ ಎನ್ನುತ್ತಿದ್ದರು. ಮೈಸೂರಿನ ಹುಡುಗರು ತಬ್ಬಿಬ್ಬಾಗಿ ‘ಕುಡಿದರು’ ಎನ್ನುತ್ತಿದ್ದರು. ಅದನ್ನು ಕೇಳಿ ಸರ್ ಮೇಜು ತಟ್ಟಿ ನಕ್ಕದ್ದು ಈಗಲೂ ಕಿವಿಯಲ್ಲಿದೆ. ನನಗೂ ಒಮ್ಮೆ ಆ ಟೋಪಿ ತೊಡಿಸಿದರು. ಕೂದಲಿಗೆಲ್ಲ ಅಂಟು ಮೆತ್ತಿಕೊಂಡು ಕೂತಿದ್ದೆ. ಪರದೆ ನೋಡುತ್ತಿದ್ದ ಅವರನ್ನು, ಏನ್ ಸಾರ್, ಒಳಗೆ ಏನಾದ್ರೂ ಇದ್ಯಾ ಎಂದು ಕೇಳಿದೆ. ಉಂಟು, ಆದರೆ ನಿನ್ನದು ಬಸ್ಸು ಬರುವ ಮೊದಲೇ ಸೀಟಲ್ಲಿ ಕೂತಾಗಿದೆ ಎಂದರು. ಲ್ಯಾಬಿನಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಅದು ತಮಾಷೆಯಷ್ಟೇ ಆಗಿರಲಿಲ್ಲ.

ಒಂದು ದಿನ ಸ್ಟೋರ್ ರೂಮಿನಲ್ಲಿ ಬೇಸರ ಕಳೆಯಲು ನಾನು ಪ್ರಿನ್ಸಿಪಾಲರ ಶಿಸ್ತಿನ ಭಾಷಣ ಶುರುಮಾಡಿದೆ. ಸರ್‌ಗೂ ಹುರುಪು ಬಂತು. ನನ್ನ ಕೈಯಿಂದ ಮೈಕು ಎಳೆದುಕೊಂಡು, ಗಂಟಲು ಕೆರೆದು, ಅದೇ ದಪ್ಪ ದನಿಯಲ್ಲಿ ಭಾಷಣ ಮುಂದುವರಿಸಿದರು. ಸಮವಸ್ತ್ರ, ಹಾಜರಾತಿ, ಗೇಟಿನ ಹತ್ತಿರದ ಬೈಕುಗಳು, ಒಂದೂ ಬಿಡಲಿಲ್ಲ. ಎಲ್ಲೂ ತಡೆಯಲಿಲ್ಲ. ಮುಗಿದ ಮೇಲೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ಕೂತೆವು. ಇನ್ನೊಬ್ಬರ ದನಿಯಲ್ಲಿ ಮಾತಾಡುವಾಗ ಹೀಗಾಗುವುದು ಉಂಟು, ಪುಸ್ತಕಗಳಲ್ಲಿ ಓದಿದ್ದೆ, ನನ್ನ ಮೇಲೆ ಮಾಡಿ ನೋಡಿರಲಿಲ್ಲ ಎಂದರು. ಅಷ್ಟು ಹೇಳುವಾಗ ಮತ್ತೆ ನಾಲ್ಕು ಕಡೆ ನಿಂತರು.

ನನಗೆ ಉಪಾಯ ಹೊಳೆದೇಬಿಟ್ಟಿತು. ಪ್ರಬಂಧ ಆಗ ಮುಗಿಯುತ್ತ ಬಂದಿತ್ತು, ಮುಂದಿದ್ದದ್ದು ಮೌಖಿಕ ಪರೀಕ್ಷೆ. ಅದನ್ನು ಪ್ರಿನ್ಸಿಪಾಲರ ದನಿಯಲ್ಲೇ ಕೊಟ್ಟುಬಿಡಿ ಸಾರ್, ನಾನು ತರಬೇತಿ ಕೊಡುತ್ತೇನೆ ಎಂದೆ. ಅವರು ಬಹಳ ಹೊತ್ತು ನಕ್ಕರು.

“ಆಗ ಡ... ಡಾಕ್ಟರೇಟು ಪ್ರಿನ್ಸಿಪಾಲರಿಗೆ ಹೋಗ್ತದೆ,” ಎಂದರು.

ಉತ್ತರಗಳನ್ನು ಬರೆದು ಕೊಡಬಹುದು, ಪರೀಕ್ಷಕರನ್ನು ನಾನು ಒಪ್ಪಿಸುತ್ತೇನೆ ಎಂದು ಅವರ ಗೈಡ್ ಕೂಡ ಹೇಳಿದ್ದರಂತೆ. ಅದಕ್ಕೂ ಸರ್ ಒಪ್ಪಿರಲಿಲ್ಲ. ಯಾಕೆ ಈ ಹಟ ಎಂದು ನಾನು ಕೇಳಿದ್ದೆ. ಅವರು ಹೇಳಿದ ಕಾರಣ ಇದು. ಲೋಕದಲ್ಲಿ ಎದುರಿಗೆ ಕೂತವರು ಉತ್ತರವನ್ನು ತಾವೇ ಹೇಳಿಕೊಡಬಾರದು ಎಂಬ ನಿಯಮ ಇರುವುದು ಪರೀಕ್ಷೆಯಲ್ಲಿ ಮಾತ್ರ. ಅವರು ಎದ್ದು ಹೋಗುವಂತಿಲ್ಲ, ಬಾಯಿ ಹಾಕುವಂತಿಲ್ಲ, ನಾನು ಮುಗಿಸುವವರೆಗೆ ಕೂತಿರಲೇಬೇಕು. “ಅಂಥವರು ನಂಗೆ ಇನ್ನೆಲ್ಲಿ ಸಿಗ್ತಾರೆ, ನೀನೇ ಹೇಳು.”

ಅವರಿಗೆ ಬೇಕಾಗಿದ್ದದ್ದು ಅಷ್ಟೇ. ಹೆಸರಿನ ಮುಂದೆ ಡಾಕ್ಟರ್ ಎಂಬುದು ಅವರಿಗೆ ಇನ್ನೊಂದು ತಡೆಯುವ ಅಕ್ಷರ ಮಾತ್ರ. ಗೊತ್ತಿಲ್ಲದ ನಾಲ್ಕು ಜನರ ಮುಂದೆ, ತನ್ನ ದನಿಯಲ್ಲಿ, ತಾನು ಶುರುಮಾಡಿದ ಮಾತನ್ನು ತಾನೇ ಮುಗಿಸಬೇಕು.

ಕ್ಲಾಸುಗಳು ಮುಗಿದ ಮೇಲೆ ಖಾಲಿ ಸೆಮಿನಾರ್ ಹಾಲಿನಲ್ಲಿ ಅಭ್ಯಾಸ ನಡೆಯಿತು. ನಾನೇ ಮೂವರು ಪರೀಕ್ಷಕರು, ಮೂರು ದನಿಯಲ್ಲಿ ಪ್ರಶ್ನೆ ಕೇಳುವವನು. ತೊಂದರೆ ಇದ್ದದ್ದು ಅವರದಲ್ಲ, ನನ್ನದು. ಅವರು ತಡೆದು ನಿಂತರೆ ನನ್ನ ನಾಲಗೆ ತಾನಾಗಿ ಪದ ಹೇಳಿಬಿಡುತ್ತಿತ್ತು. ಅದಕ್ಕೆ ಸರ್ ಒಂದು ಮದ್ದು ಕಂಡುಹಿಡಿದರು. ಮನೆಯ ಮರದ ಕಿತ್ತಳೆ ತಂದು, ಒಂದು ತೊಳೆಯನ್ನು ನನ್ನ ಬಾಯಿಗೆ ಹಾಕಿಸಿ, ಅವರ ವಾಕ್ಯ ಮುಗಿಯುವವರೆಗೆ ಅಗಿಯಬಾರದು ಎಂದರು. ನಮ್ಮ ಕಿತ್ತಳೆಯ ಹುಳಿ ಗೊತ್ತಲ್ಲ. ಮೊದಲ ದಿನ ನಾನು ಎರಡು ಹಣ್ಣು ಅಗಿದು ನುಂಗಿದೆ, ಅವರ ಒಂದು ವಾಕ್ಯವೂ ಮುಗಿಯಲಿಲ್ಲ. ಪರೀಕ್ಷಕರಿಗೆ ತುಂಬ ಹಸಿವು ಎಂದು ಅವರು ಗೊಣಗಿದರು.

ದಿನ ಹೋದಂತೆ ಬಾಯಲ್ಲಿ ತೊಳೆ ಇಟ್ಟುಕೊಂಡು ಕೂರುವುದನ್ನು ಕಲಿತೆ. ಆಗ ಒಂದು ವಿಷಯ ಗಮನಕ್ಕೆ ಬಂತು. ಅವರು ತಡೆದು ನಿಂತ ಹೊತ್ತಿನಲ್ಲಿ ನಾನು ಊಹಿಸಿದ್ದ ಪದವನ್ನು ಅವರು ಬಹಳ ಸಲ ಹೇಳುತ್ತಲೇ ಇರಲಿಲ್ಲ. ನಾನು ‘ಸುಲಭ’ ಎಂದು ಹಿಡಿದು ಕೂತಿದ್ದರೆ ಅವರದು ‘ಸುಳ್ಳು’ ಆಗಿರುತ್ತಿತ್ತು. ಹಾಗಾದರೆ ಇಷ್ಟು ದಿನ ನಾನು ಮುಗಿಸಿಕೊಟ್ಟ ಮಾತುಗಳಲ್ಲಿ ಎಷ್ಟು ಅವರವು, ಎಷ್ಟು ಬರಿಯ ತಲೆಯಾಡಿಸುವಿಕೆ? ಕೇಳಲು ಧೈರ್ಯ ಬರಲಿಲ್ಲ.

ಕೊನೆಯ ಅಭ್ಯಾಸದ ದಿನ ಅವರು ಪ್ರಬಂಧದ ಸಾರವನ್ನು ಮೊದಲಿನಿಂದ ಕೊನೆಯವರೆಗೆ ಹೇಳಿದರು. ಎಷ್ಟೋ ಕಡೆ ನಿಂತರು. ಕುತ್ತಿಗೆಯ ನರ ಉಬ್ಬಿತು. ಒಂದು ಬದಲಿ ಪದವನ್ನೂ ಹಾಕಲಿಲ್ಲ, ಮಿದುಳು ಎನ್ನಬೇಕಾದಲ್ಲಿ ಮಿದುಳು ಎಂದೇ ಹೇಳಿದರು. ಅವರು ಕಂಡುಕೊಂಡದ್ದರ ತಿರುಳು ಒಂದೇ ಮಾತಿನಲ್ಲಿತ್ತು. “ಕೇಳುವವನು ಊ... ಊಹೆ ಮಾಡ್ತಾ ಇರ್ತಾನೆ. ಊಹೆ ಸರಿಯಾದ್ರೆ ಅದಕ್ಕೆ ನಾವು ‘ಕೇಳಿಸಿಕೊಂಡೆ’ ಅಂತ ಹೇಳ್ತೇವೆ.” ಹೇಳಿ ಮುಗಿಸಿ, ಮೇಜಿನ ಅಂಚು ಹಿಡಿದು ನಿಂತು, ನನ್ನ ಕಡೆ ನೋಡಿದರು. ನನ್ನ ಬಾಯಲ್ಲಿ ತೊಳೆ ಹಾಗೇ ಇತ್ತು. ಮಾತಾಡಲು ಆಗದೆ ಎದ್ದು ನಿಂತೆ. ಅವರಿಗೆ ಅರ್ಥವಾಯಿತು. ಅಷ್ಟು ಸಂತೋಷವಾಗಿದ್ದ ಅವರ ಮುಖವನ್ನು ನಾನು ಮತ್ತೆ ನೋಡಲಿಲ್ಲ.

ಅವರು ಫೋನ್ ಮಾಡುವವರಲ್ಲ. ಏನಿದ್ದರೂ ಮೆಸೇಜು. ಫೋನಿನಲ್ಲಿ ಮುಖ ಕಾಣುವುದಿಲ್ಲ, ತಡೆದು ನಿಂತರೆ ಎದುರಿನವನು ಲೈನ್ ಕಟ್ಟಾಯಿತು ಎಂದು ಇಟ್ಟುಬಿಡುತ್ತಾನೆ. ಆದರೆ ಪರೀಕ್ಷೆ ಹತ್ತಿರ ಬಂದಂತೆ ಬೇಕೆಂದೇ ಫೋನ್ ಮಾಡತೊಡಗಿದ್ದರು. ಅದೂ ಅಭ್ಯಾಸವಂತೆ. ಮೈಸೂರಿಗೆ ಹೊರಡುವ ಹಿಂದಿನ ದಿನ ಅವರು ರಜೆ ಹಾಕಿ ಮೂರ್ನಾಡಿನ ಮನೆಯಲ್ಲಿದ್ದರು, ಅಕ್ಕ ಶಾಲೆಗೆ ಹೋಗಿದ್ದರು. ನಾನು ಕ್ಯಾಂಟೀನಿನಲ್ಲಿ ಹುಡುಗರ ನಡುವೆ ನಿಂತು ಯಾರದೋ ದನಿಯಲ್ಲಿ ಮಿಂಚುತ್ತಿದ್ದೆ. ಫೋನ್ ಬಂತು. ಎತ್ತಿದೆ.

“ಬ...” ಎಂದರು. ನಿಂತರು. ಮತ್ತೆ “ಬ...”

ಬಾಯಲ್ಲಿ ಕಿತ್ತಳೆ ಇರಲಿಲ್ಲ. ಹುಡುಗರು ಕಾಯುತ್ತಿದ್ದರು. “ಬಸ್ಸಾ ಸಾರ್? ಬೆಳಗ್ಗಿಂದೇ ಹಿಡಿಯೋಣ. ಸ್ಟ್ಯಾಂಡಲ್ಲಿ ಕಾಯ್ತಿರ್ತೀನಿ. ನೀವು ಆರಾಮಾಗಿ ಮಲ್ಕೊಳಿ,” ಎಂದೆ.

ಸ್ವಲ್ಪ ಹೊತ್ತು ಉಸಿರು ಮಾತ್ರ ಕೇಳಿಸಿತು. ಆಮೇಲೆ “ಹ್ಞೂಂ” ಎಂದರು. ಫೋನಿನಲ್ಲಿ ತಲೆಯಾಡಿಸಿದರೆ ಹೀಗೇ ಕೇಳಿಸುತ್ತದೆ. ಇಟ್ಟರು.

ಅದೇ ದಿನ ಪಕ್ಕದ ಮನೆಯವರು ನೋಡುವಾಗ ಅವರು ಜಗಲಿಯ ಮೆಟ್ಟಿಲ ಮೇಲೆ ಕೂತಿದ್ದರಂತೆ. ಬಾಗಿಲಿಗೆ ಬೀಗ ಹಾಕಿತ್ತು, ಕಾಲಲ್ಲಿ ಚಪ್ಪಲಿ, ಕೈಯಲ್ಲಿ ಬೀಗದ ಕೈ. ಎಲ್ಲಿಗೋ ಹೊರಟವರು. ಹೃದಯ ಎಂದರು ಡಾಕ್ಟರು.

ಸಂತಾಪ ಸಭೆಯಲ್ಲಿ ಎಲ್ಲರೂ ತಡೆಯಿಲ್ಲದೆ ಮಾತಾಡಿದರು. ಅವರು ಬದುಕಿದ್ದರೆ ಹೀಗೆ ಹೇಳುತ್ತಿದ್ದರು, ಅವರ ಮನಸ್ಸಿನಲ್ಲಿ ಇದ್ದದ್ದು ಇದೇ ಎಂದು ಅವರ ಪರವಾಗಿ ಮಾತು ಮುಗಿಸಿಕೊಟ್ಟವರೇ ಹೆಚ್ಚು. ಮೈಸೂರಿನಿಂದ ಗೈಡ್ ಬಂದಿದ್ದರು. ಪ್ರಬಂಧ ಒಪ್ಪಿಗೆಯಾಗಿತ್ತು, ಬಾಕಿ ಇದ್ದದ್ದು ಬಾಯಿಮಾತು ಒಂದೇ ಎಂದು ಹೇಳಿ, ಕನ್ನಡಕ ತೆಗೆದು ಒರೆಸಿಕೊಳ್ಳುತ್ತ ಕೂತುಬಿಟ್ಟರು. ಪ್ರಿನ್ಸಿಪಾಲರು ನನ್ನನ್ನೂ ಎರಡು ಮಾತಾಡು ಎಂದರು. ತಲೆಯಾಡಿಸಿ, ಮಾತಾಡದೆ, ಹೊರಗೆ ಬಂದೆ.

ಬೇರೆಯವರ ದನಿಗಳು ನಾನು ಕರೆದರೆ ಬರುತ್ತವೆ. ಅವರದು ಕರೆಯದೆ ಬರತೊಡಗಿತು. ಹಲ್ಲುಜ್ಜುವಾಗ, ಹಾಜರಿ ಕೂಗುವಾಗ, ‘ಬ’ ಎಂಬಲ್ಲಿಗೆ ಬಂದು ನಿಲ್ಲುತ್ತದೆ. ನಾನು ಪದ ಹಾಕುತ್ತೇನೆ. ಬೆವರು ಎನ್ನಲು ಹೊರಟಿದ್ದರೋ, ಬೆನ್ನು ನೋವು ಎನ್ನಲೋ. ಬೇಗ ಎಂದೋ. ಬರುವುದಿಲ್ಲ ನಾಳೆ ಎಂದೋ. ಸುಮ್ಮನೆ ಬಸ್ಸಿನ ವಿಷಯವೇ ಇರಬಾರದೇಕೆ ಎಂದೂ ಸಮಾಧಾನ ಮಾಡಿಕೊಳ್ಳುತ್ತೇನೆ. ಒಂದೂ ನಿಲ್ಲುವುದಿಲ್ಲ. ಕೊನೆಗೆ ಎಲ್ಲ ಪದಗಳೂ ಸರಿದುಹೋಗಿ ಒಂದೇ ಉಳಿಯಿತು, ಬಾ. ಅವರು ನನ್ನನ್ನು ಕರೆದಿದ್ದಾರೆ, ನಾನು ಅವರಿಗೆ ಮಲಗಿ ಎಂದಿದ್ದೇನೆ. ನನಗೆ ಸಂಶಯವೇ ಉಳಿಯಲಿಲ್ಲ.

ಅದನ್ನು ಅಕ್ಕನಿಗೆ ಹೇಳದೆ ಇರುವುದು ಸಾಧ್ಯವಾಗಲಿಲ್ಲ. ಕಾರ್ಯಗಳೆಲ್ಲ ಮುಗಿದು ನೆಂಟರು ಹೊರಟ ಮೇಲೆ ಒಂದು ಭಾನುವಾರ ಮೂರ್ನಾಡಿಗೆ ಹೋದೆ. ಅಕ್ಕ ಅಂಗಳದಲ್ಲಿ ಕೂತು ಒಣಗಿದ ಕರಿಮೆಣಸು ಕೇರುತ್ತಿದ್ದರು. ನಾನು ಮೆಟ್ಟಿಲ ಮೇಲೆ ಕೂರಲಾರದೆ ನಿಂತೇ ಹೇಳಿದೆ. ಫೋನ್ ಬಂದದ್ದು, ಕ್ಯಾಂಟೀನು, ಬಸ್ಸು, ಹ್ಞೂಂ ಎಂದದ್ದು, ಎಲ್ಲ. ನನ್ನ ದನಿಯಲ್ಲೇ ಹೇಳಿದೆ, ಅದು ಹೀಗಿದೆಯೇ ಎಂದು ನನಗೇ ಆಶ್ಚರ್ಯವಾಗುವಂತೆ. ಅಕ್ಕ ಮೊರವನ್ನು ತೊಡೆಯ ಮೇಲಿಟ್ಟುಕೊಂಡು ಕೇಳಿದರು.

“ಸರ್ ನನ್ನನ್ನ ಬಾ ಅಂತ ಕರೆದಿದ್ದು ಅಕ್ಕ. ನಾನು ಬರ್ಲಿಲ್ಲ,” ಎಂದೆ.

ಬೈಯಬಹುದು ಎಂದುಕೊಂಡಿದ್ದೆ. ಹಾಗೆಲ್ಲ ಅಂದುಕೊಳ್ಳಬೇಡ ಎಂದು ಸಮಾಧಾನ ಮಾಡಬಹುದು ಎಂಬ ಆಸೆಯೂ ಇತ್ತು. ಅಕ್ಕ ಎರಡನ್ನೂ ಮಾಡಲಿಲ್ಲ. ಮೊರದೊಳಗಿನ ಒಂದು ಕಲ್ಲನ್ನು ಹೆಕ್ಕಿ ಆಚೆ ಎಸೆದು, ನನ್ನನ್ನು ನೇರವಾಗಿ ನೋಡಿ ಹೇಳಿದರು:

“ಈಗ್ಲೂ ನೀನೇ ಮುಗಿಸ್ತಾ ಇದ್ದೀಯಲ್ಲ. ಅದೊಂದನ್ನಾದ್ರೂ ಅವರಿಗೆ ಬಿಡು.”